ಹೊಸ ವೈಡ್ ರಿಸೀವರ್ ಗೆಲ್ಲುತ್ತಾನಾ ಇಲ್ವಾ: ನಾಲ್ಕು ಸೀಸನ್ ಬಳಸಿದ ಒಂದು ಡ್ರಾಫ್ಟ್ ಗೈಡ್‌ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಈ ಗೈಡ್ ತಗೊಳ್ಳಿ. ಆದರೆ ಮೊದಲ ಪುಟದ ಸ್ಕೋರ್ ನೋಡಿಕೊಂಡು ತಗೋಬೇಡಿ.

ವರ್ಷಕ್ಕೆ 60 ಡಾಲರ್. ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್. ಅದರ ತಂಡಗಳು ಪ್ರತಿ ವರ್ಷ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್, ಒಂದೊಂದು ಆಯ್ಕೆಗೂ ಪಿಕ್ ಅಂತ ಹೆಸರು. ಆ ಡ್ರಾಫ್ಟ್‌ಗೆ ಬರುವ ಪ್ರತಿ ವೈಡ್ ರಿಸೀವರ್‌ಗೂ, ಅಂದರೆ ಮುಂದೆ ಓಡಿ ಎಸೆದ ಚೆಂಡು ಹಿಡಿಯುವವನಿಗೂ, 100ಕ್ಕೆ ಇಷ್ಟು ಅಂತ ಒಂದು ಅಂಕ ಕೊಟ್ಟಿರುತ್ತಾರೆ, ಅವರ ಜಾಹೀರಾತೆಲ್ಲ ಅದರ ಮೇಲೇ ನಿಂತಿದೆ. ನನ್ನ ಪ್ರಕಾರ ಕೊಟ್ಟ ದುಡ್ಡು ವಸೂಲಾಗುವುದು ಆ ಅಂಕದಿಂದ ಅಲ್ಲ. ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಫಿಲ್ಮ್ ಟಿಪ್ಪಣಿಗಳಿವೆ ನೋಡಿ, ಹುಡುಗ ತನ್ನನ್ನು ಕಾಯುವ ಎದುರಾಳಿ ಕಾರ್ನರ್‌ಬ್ಯಾಕ್‌ನಿಂದ ಹೇಗೆ ಬಿಡಿಸಿಕೊಳ್ಳುತ್ತಾನೆ ಅಂತ ಒಂದೊಂದೇ ಪ್ಲೇ (ಚೆಂಡು ಆಟಕ್ಕೆ ಬಂದು ನಿಲ್ಲುವವರೆಗಿನ ತುಣುಕು) ನೋಡಿ ಬರೆದದ್ದು, ಅದರಿಂದ. ಗೈಡ್‌ನ ಹೆಸರು ಬರೆಯುವುದಿಲ್ಲ. ನನ್ನ ದೂರುಗಳೂ ಕೆಲವಿವೆ, ಜೊತೆಗೆ ಇಂಥ ಗೈಡ್‌ಗಳ ಸ್ವರೂಪ ಹೆಚ್ಚುಕಡಿಮೆ ಒಂದೇ. ನೀವು ಯಾವುದನ್ನು ತಗೊಂಡರೂ ಇಲ್ಲಿ ಹೇಳುವುದು ಉಪಯೋಗಕ್ಕೆ ಬರುತ್ತದೆ.

ನಾನು ಇದನ್ನು ತಗೊಳ್ಳಲು ಕಾರಣ 2020ರ ಡ್ರಾಫ್ಟ್. ನಮ್ಮದು 12 ಜನರ ಡೈನಸ್ಟಿ ಲೀಗ್, ನಿಜವಾದ ಎನ್‌ಎಫ್‌ಎಲ್ ಆಟಗಾರರನ್ನು ನಮ್ಮ ಕಾಲ್ಪನಿಕ ತಂಡಗಳಿಗೆ ಆರಿಸಿ ಅವರ ಆಟದ ಮೇಲೆ ಅಂಕ ಪಡೆಯುವ ಫ್ಯಾಂಟಸಿ ಆಟ. ಒಮ್ಮೆ ಆರಿಸಿಕೊಂಡ ಆಟಗಾರ ನೀವಾಗಿ ಬಿಡುವವರೆಗೂ ನಿಮ್ಮವನೇ. ಹಾಗಾಗಿ ಹೊಸಬರನ್ನು ಆರಿಸುವ ದಿನವೇ ನಮಗೆ ವರ್ಷದ ದೊಡ್ಡ ದಿನ. ಆ ವರ್ಷ ಎನ್‌ಎಫ್‌ಎಲ್‌ನಲ್ಲಿ ಮೊದಲ ರಿಸೀವರ್ ಆಗಿ ಹೋದವನು ಹೆನ್ರಿ ರಗ್ಸ್, 12ನೇ ಪಿಕ್, 40 ಯಾರ್ಡ್ ಓಟ 4.27 ಸೆಕೆಂಡ್. ಆಮೇಲೆ 15ರಲ್ಲಿ ಜೆರ್ರಿ ಜೂಡಿ, 17ರಲ್ಲಿ ಸೀಡೀ ಲ್ಯಾಂಬ್, 21ರಲ್ಲಿ ಜೇಲನ್ ರೇಗರ್. ಇವರೆಲ್ಲ ಆದ ಮೇಲೆ 22ರಲ್ಲಿ ಮಿನೆಸೋಟಾ ವೈಕಿಂಗ್ಸ್ ತಗೊಂಡದ್ದು ಜಸ್ಟಿನ್ ಜೆಫರ್ಸನ್‌ನನ್ನು. ನಮ್ಮ ಲೀಗಿನಲ್ಲಿ ನನ್ನ ಸರದಿ ಬಂದಾಗ ಜೆಫರ್ಸನ್ ಇನ್ನೂ ಪಟ್ಟಿಯಲ್ಲಿದ್ದ. ನಾನು ವೇಗ ಜಾಸ್ತಿ ಇರುವ ಇನ್ನೊಬ್ಬನನ್ನು ಆರಿಸಿದೆ. ಜೆಫರ್ಸನ್ ಮೊದಲ ಸೀಸನ್‌ನಲ್ಲೇ 88 ಕ್ಯಾಚ್, 1,400 ಯಾರ್ಡ್ ಮಾಡಿದ (ಯಾರ್ಡ್ ಅಂದರೆ ಆ ಕ್ಯಾಚ್‌ಗಳಿಂದ ಚೆಂಡು ಮುಂದೆ ಸಾಗಿದ ದೂರ). ಆ ಸೀಸನ್ ಪೂರ್ತಿ ಪ್ರತಿ ಭಾನುವಾರ ಅವನ ಆಟ ನೋಡುವಾಗ ನನಗೆ ಕಾಡುತ್ತಿದ್ದದ್ದು ಒಂದೇ ಪ್ರಶ್ನೆ. ಇವನಲ್ಲಿ ಇದು ಮೊದಲೇ ಇತ್ತಲ್ಲ, ನನಗೆ ಯಾಕೆ ಕಾಣಲಿಲ್ಲ?

ಮುಂದಿನ ವರ್ಷವೇ ಗೈಡ್ ತಗೊಂಡೆ. 2021ರಿಂದ 2024ರವರೆಗೆ ನಾಲ್ಕು ಸೀಸನ್ ಬಳಸಿದೆ.

ಒಳಗೆ ಏನಿದೆ ಅಂದರೆ, ಒಬ್ಬೊಬ್ಬ ಆಟಗಾರನಿಗೆ ಮೂರು ನಾಲ್ಕು ಪುಟ. ಮೇಲೆ ದೊಡ್ಡದಾಗಿ ಸ್ಕೋರ್. ಕೆಳಗೆ ಕಾಲೇಜಿನ ಅಂಕಿಅಂಶ, ವಯಸ್ಸು, ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಪೊಲಿಸ್‌ನಲ್ಲಿ ನಡೆಯುವ ದೈಹಿಕ ಪರೀಕ್ಷೆ ಕಂಬೈನ್‌ನಲ್ಲಿ ಓಡಿದ, ಜಿಗಿದ ಅಳತೆಗಳು. ಆಮೇಲೆ ಫಿಲ್ಮ್ ಟಿಪ್ಪಣಿ. ಕೊನೆಗೆ ಇವನು ಯಾವ ಹಳೆಯ ಆಟಗಾರನ ಹಾಗೆ ಅನ್ನುವ ಒಂದು ಹೋಲಿಕೆ. ಡ್ರಾಫ್ಟ್ ಮುಗಿದ ಮೇಲೆ ಯಾವ ತಂಡಕ್ಕೆ ಹೋದ, ಅಲ್ಲಿ ಅವನಿಗೆ ಜಾಗ ಇದೆಯಾ ಅಂತ ಒಂದು ಅಪ್‌ಡೇಟ್ ಬರುತ್ತದೆ.

ಅಂಕಿಅಂಶದಿಂದಲೇ ಶುರು ಮಾಡುತ್ತೇನೆ, ಅದರಲ್ಲಿ ಒಳ್ಳೆಯದೂ ಇದೆ. ಗೈಡ್ ಜಾಸ್ತಿ ತೂಕ ಕೊಡುವುದು ಎರಡು ವಿಷಯಕ್ಕೆ. ಒಂದು, ಎಷ್ಟನೇ ಪಿಕ್‌ನಲ್ಲಿ ಹೋದ. ಎರಡು, ಕಾಲೇಜಿನಲ್ಲಿ ಎಷ್ಟು ಚಿಕ್ಕ ವಯಸ್ಸಿಗೆ ತನ್ನ ತಂಡದ ಆಟದಲ್ಲಿ ದೊಡ್ಡ ಪಾಲು ಕೈಗೆ ತಗೊಂಡ. ತಂಡದ ಒಟ್ಟು ರಿಸೀವಿಂಗ್ ಯಾರ್ಡ್ ಮತ್ತು ಟಚ್‌ಡೌನ್‌ನಲ್ಲಿ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಇವನ ಪಾಲು ಎಷ್ಟು ಅನ್ನುವುದಕ್ಕೆ ಡಾಮಿನೇಟರ್ ಅನ್ನುತ್ತಾರೆ. ಆ ಪಾಲು ಮೊದಲ ಸಲ ಒಂದು ಮಟ್ಟ ದಾಟಿದ ವಯಸ್ಸಿಗೆ ಬ್ರೇಕ್‌ಔಟ್ ಏಜ್ ಅಂತ ಹೆಸರು. ಬೆಳೆಯುವ ಸಿರಿ ಮೊಳಕೆಯಲ್ಲೇ ಅನ್ನುತ್ತೇವಲ್ಲ, ಲೆಕ್ಕ ಅದೇ. 19ನೇ ವಯಸ್ಸಿಗೆ 22ರ ಹುಡುಗರ ಎದುರು ಗೆದ್ದವನು ಒಂದು ಬಗೆ. ತಾನೇ 22 ಆಗಿ 19ರವರನ್ನು ಸೋಲಿಸಿದವನು ಬೇರೆ. ಇದು ಸರಿಯಾದ ಯೋಚನೆ. ಪಿಕ್ ನಂಬರ್‌ಗೆ ತೂಕ ಕೊಡುವುದೂ ಸರಿಯೇ. ಮೊದಲ ರೌಂಡಿನಲ್ಲಿ ಆರಿಸಿದವನಿಗೆ ತಂಡ ಮತ್ತೆ ಮತ್ತೆ ಅವಕಾಶ ಕೊಡುತ್ತದೆ. ಐದನೇ ರೌಂಡಿನವನು ಎರಡು ಸಲ ತಪ್ಪಿದರೆ ಬೆಂಚಿನಲ್ಲಿ ಕೂರಬೇಕು.

ಆದರೆ ಮೊಳಕೆ ನೋಡಿ ಮರ ಹೇಳುವುದು ಅಷ್ಟು ಸುಲಭ ಅಲ್ಲ. ಲಕ್ವಾನ್ ಟ್ರೆಡ್‌ವೆಲ್ ಓಲ್ ಮಿಸ್ ಕಾಲೇಜಿನಲ್ಲಿ ಮೊದಲ ವರ್ಷವೇ 72 ಕ್ಯಾಚ್ ಹಿಡಿದವನು. 2016ರಲ್ಲಿ 23ನೇ ಪಿಕ್. ಮೊದಲ ಎನ್‌ಎಫ್‌ಎಲ್ ಸೀಸನ್‌ನಲ್ಲಿ ಅವನು ಹಿಡಿದದ್ದು ಒಂದೇ ಒಂದು ಕ್ಯಾಚ್, 15 ಯಾರ್ಡ್. ನಿಕೀಲ್ ಹ್ಯಾರಿ ಕೂಡ ಅರಿಜೋನಾ ಸ್ಟೇಟ್‌ನಲ್ಲಿ ಬೇಗ ಮೇಲೆ ಬಂದವನು, ಎರಡನೇ ವರ್ಷಕ್ಕೇ 1,142 ಯಾರ್ಡ್. 2019ರಲ್ಲಿ ಪೇಟ್ರಿಯಟ್ಸ್ ಅವನನ್ನು 32ರಲ್ಲಿ ತಗೊಂಡರು. ಅವನ ಹಿಂದೆ ಸಾಲಿನಲ್ಲಿ ಯಾರಿದ್ದರು ನೋಡಿ: 36ರಲ್ಲಿ ಡೀಬೋ ಸ್ಯಾಮ್ಯುಯಲ್, 51ರಲ್ಲಿ ಎ.ಜೆ. ಬ್ರೌನ್, 64ರಲ್ಲಿ ಡಿಕೆ ಮೆಟ್‌ಕಾಫ್, 76ರಲ್ಲಿ ಟೆರಿ ಮೆಕ್‌ಲಾರಿನ್. ಮೆಕ್‌ಲಾರಿನ್ ಆಗಲೇ 23 ದಾಟಿದ್ದ. ಓಹೈಯೋ ಸ್ಟೇಟ್‌ನ ಕೊನೆಯ ವರ್ಷದಲ್ಲೂ ಅವನದ್ದು 35 ಕ್ಯಾಚ್ ಅಷ್ಟೇ. ಪಾಲಿನ ಲೆಕ್ಕದಲ್ಲಿ ನೋಡಿದರೆ ಅವನು ಕಣ್ಣಿಗೇ ಬೀಳುವುದಿಲ್ಲ. ವಾಷಿಂಗ್ಟನ್‌ಗೆ ಹೋಗಿ ಮೊದಲ ವರ್ಷ 919 ಯಾರ್ಡ್ ಮಾಡಿದ.

ಪಾಲಿನ ಲೆಕ್ಕದಲ್ಲಿ ಇನ್ನೂ ಒಂದು ದೊಡ್ಡ ತೂತಿದೆ, ನನಗೆ ತುಂಬಾ ನೋವು ಕೊಟ್ಟದ್ದು ಅದೇ. ಒಂದೇ ತಂಡದಲ್ಲಿ ಇಬ್ಬರು ಘಟಾನುಘಟಿಗಳಿದ್ದರೆ ಇಬ್ಬರ ಪಾಲೂ ಇಳಿಯುತ್ತದೆ. 2019ರ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ಕಾಲೇಜಿನ ತಂಡ ತೆಗೆದುಕೊಳ್ಳಿ. ಚೆಂಡು ಎಸೆಯುವವನು ಜೋ ಬರೋ. ಒಂದು ಕಡೆ ಜಮಾರ್ ಚೇಸ್, 1,780 ಯಾರ್ಡ್, 20 ಟಚ್‌ಡೌನ್. ಇನ್ನೊಂದು ಕಡೆ ಜೆಫರ್ಸನ್, 111 ಕ್ಯಾಚ್, 1,540 ಯಾರ್ಡ್, 18 ಟಚ್‌ಡೌನ್. ಪಕ್ಕದಲ್ಲಿ ಚೇಸ್ ಇದ್ದಾನೆ, ಇವನು ಹೆಚ್ಚಾಗಿ ಸ್ಲಾಟ್‌ನಲ್ಲಿ, ಅಂದರೆ ಅಂಚಿಗಿಂತ ಒಳಗೆ ನಿಂತು ಆಡಿದ್ದಾನೆ, ಹೊರಗಡೆ ಆಡಬಲ್ಲನಾ ಅಂತ ಜೆಫರ್ಸನ್ ಬಗ್ಗೆ ಜನ ಅನುಮಾನ ಪಟ್ಟರು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅಂದುಕೊಂಡರು, ಆದರೆ ಅಲ್ಲಿ ನಾರೇ ಇರಲಿಲ್ಲ, ಎರಡೂ ಹೂವೇ. ನಾಲ್ಕು ವರ್ಷದ ನಂತರ ಅದೇ ಕಾಲೇಜಿನಲ್ಲಿ ಮತ್ತೆ ಅದೇ ಕಥೆ. 2023ರಲ್ಲಿ ಮಲಿಕ್ ನೇಬರ್ಸ್ 1,569 ಯಾರ್ಡ್, ಪಕ್ಕದಲ್ಲಿ ಬ್ರಯಾನ್ ಥಾಮಸ್ ಜೂನಿಯರ್ 1,177 ಯಾರ್ಡ್ ಮತ್ತು 17 ಟಚ್‌ಡೌನ್. ನೇಬರ್ಸ್ 6ನೇ ಪಿಕ್, ಥಾಮಸ್ 23ನೇ ಪಿಕ್. ಗೈಡ್‌ನ ಸ್ಕೋರಿನಲ್ಲಿ ಇಬ್ಬರ ನಡುವೆ ದೊಡ್ಡ ಅಂತರ ಇತ್ತು. 2024ರಲ್ಲಿ ನೇಬರ್ಸ್ 109 ಕ್ಯಾಚ್, 1,204 ಯಾರ್ಡ್. ಥಾಮಸ್ 87 ಕ್ಯಾಚ್, 1,282 ಯಾರ್ಡ್. ಈ ಸಲ ನಾನು ಥಾಮಸ್‌ನನ್ನು ಬಿಡಲಿಲ್ಲ. 2020 ನೆನಪಿತ್ತು.

ವೇಗದ ವಿಷಯಕ್ಕೆ ಗೈಡ್ ಸ್ವಲ್ಪ ಜಾಸ್ತಿಯೇ ಮರುಳಾಗುತ್ತದೆ. 40 ಯಾರ್ಡ್ ಓಟ ಸೆಕೆಂಡಿನ ನೂರನೇ ಒಂದು ಭಾಗ ಇಳಿದರೂ ಸ್ಕೋರ್ ಏರುವುದು ಕಣ್ಣಿಗೆ ಕಾಣುತ್ತದೆ. ಜಾನ್ ರಾಸ್ 2017ರಲ್ಲಿ 4.22 ಓಡಿ 9ನೇ ಪಿಕ್ ಆದ. ಮೊದಲ ಸೀಸನ್‌ನಲ್ಲಿ ಒಂದು ಕ್ಯಾಚೂ ಇಲ್ಲ. ಅದೇ ಡ್ರಾಫ್ಟ್‌ನಲ್ಲಿ 69ನೇ ಪಿಕ್ ಆಗಿ ರ‍್ಯಾಮ್ಸ್‌ಗೆ ಹೋದವನು ಕೂಪರ್ ಕಪ್, ಓಟ 4.62. ಈಸ್ಟರ್ನ್ ವಾಷಿಂಗ್ಟನ್ ಅನ್ನುವ ಚಿಕ್ಕ ಕಾಲೇಜು, ಅಲ್ಲಿ ನಾಲ್ಕು ವರ್ಷದಲ್ಲಿ 6,464 ಯಾರ್ಡ್. ಚಿಕ್ಕ ಕಾಲೇಜು, ನಿಧಾನದ ಹುಡುಗ ಅಂತ ಎಲ್ಲರೂ ಹಿಂದೆ ಸರಿದರು. 2021ರಲ್ಲಿ ಅವನೇ 145 ಕ್ಯಾಚ್, 1,947 ಯಾರ್ಡ್, 16 ಟಚ್‌ಡೌನ್ ಮಾಡಿ ಮೂರರಲ್ಲೂ ಲೀಗಿಗೇ ಮೊದಲು ಬಂದ. 2003ರಲ್ಲಿ ಅಂಕ್ವಾನ್ ಬೋಲ್ಡಿನ್ ಸುಮಾರು 4.7 ಓಡಿ ಎರಡನೇ ರೌಂಡಿಗೆ ಇಳಿದಿದ್ದ. ಮೊದಲ ಮ್ಯಾಚಿನಲ್ಲೇ 217 ಯಾರ್ಡ್, ಸೀಸನ್‌ಗೆ 101 ಕ್ಯಾಚ್. ವೇಗ ಬೇಡ ಅಂತ ಅಲ್ಲ. ಅತಿ ನಿಧಾನ ಇದ್ದರೆ ಕಷ್ಟವೇ. ಆದರೆ 4.45 ಮತ್ತು 4.35ರ ನಡುವೆ ಒಬ್ಬನ ಭವಿಷ್ಯ ಬದಲಾಗುತ್ತದೆ ಅನ್ನುವ ಹಾಗೆ ಸ್ಕೋರ್ ಕೊಡುವುದು ಸರಿಯಲ್ಲ.

ಮೂರು ಕೋನ್‌ಗಳ ಸುತ್ತ ತಿರುಗಿ ಓಡುವ ಡ್ರಿಲ್ ಇದೆಯಲ್ಲ, ಅದನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಮೆಟ್‌ಕಾಫ್ 4.33 ಓಡಿದ, ಆದರೆ ಕೋನ್ ಡ್ರಿಲ್‌ಗೆ 7.38 ಸೆಕೆಂಡ್ ತಗೊಂಡ, ರಿಸೀವರ್‌ಗೆ ಅದು ತುಂಬಾ ನಿಧಾನ. ಎರಡನೇ ರೌಂಡಿನ ಕೊನೆಗೆ ಹೋದ. ಸೀಹಾಕ್ಸ್ ಅವನನ್ನು ನೇರವಾಗಿ, ಆಳಕ್ಕೆ ಓಡಿಸಿದರು, ಮೊದಲ ವರ್ಷವೇ 900 ಯಾರ್ಡ್. ಅಂದರೆ ಕೈಲಾಗದ್ದನ್ನು ಮಾಡಿಸದೆ ಕೈಲಾಗುವುದನ್ನೇ ಮಾಡಿಸಿದರು. ಅದೇ ಸೀಹಾಕ್ಸ್ 2023ರಲ್ಲಿ ಆರಿಸಿದ ಜ್ಯಾಕ್ಸನ್ ಸ್ಮಿತ್-ಎಂಜಿಗ್ಬಾ ಇದಕ್ಕೆ ಉಲ್ಟಾ, ಕೋನ್ ಡ್ರಿಲ್ 6.57. ಇಬ್ಬರೂ ಒಂದೇ ತಂಡದಲ್ಲಿ ಆಡಿದರು, ಇಬ್ಬರ ದಾರಿಯೂ ಬೇರೆ ಬೇರೆ. ಇಬ್ಬರನ್ನೂ ಒಂದೇ ಸ್ಕೋರಿನ ತಕ್ಕಡಿಗೆ ಹಾಕಿದರೆ ಏನು ಗೊತ್ತಾಗುತ್ತದೆ ಹೇಳಿ?

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಫಿಲ್ಮ್ ಟಿಪ್ಪಣಿ.

ಒಂದು ಪುಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹುಡುಗ ದೊಡ್ಡ ಕಾಲೇಜಿನವನು, ಸ್ಕೋರ್ ತುಂಬಾ ಮೇಲೆ. ಟಿಪ್ಪಣಿಯಲ್ಲಿ ಒಂದು ಪ್ಲೇ ತೋರಿಸಿದ್ದರು. ಎಡ ಅಂಚಿನಲ್ಲಿ ನಿಂತಿದ್ದಾನೆ. ಕಾರ್ನರ್ ಎದುರಿಗೇ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಸ್ನ್ಯಾಪ್ ಆಯಿತು, ಅಂದರೆ ಚೆಂಡು ಆಟಕ್ಕೆ ಬಂತು. ಹುಡುಗ ನಿಂತಲ್ಲೇ ಮೂರು ಸಲ ಪಟಪಟ ಕಾಲು ಕುಣಿಸಿದ, ಬೆನ್ನು ನೆಟ್ಟಗೆ, ಎದೆ ಪೂರ್ತಿ ತೆರೆದಿದೆ. ಕಾರ್ನರ್ ಕಾಲು ನೋಡಲೇ ಇಲ್ಲ. ಸುಮ್ನೆ ಎಡಗೈ ಎದೆಯ ಮೇಲಿಟ್ಟು ಒತ್ತಿದ. ಹುಡುಗ ಹೊರಗಡೆ ಸರಿದ, ಇನ್ನೂ ಸರಿದ, ಕೊನೆಗೆ ಅವನಿಗೂ ಸೈಡ್‌ಲೈನ್‌ಗೂ ಮಧ್ಯೆ ಒಂದು ಯಾರ್ಡ್ ಜಾಗ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಒಮ್ಮೆ ಅತ್ತ ನೋಡಿ, ಮುಖ ತಿರುಗಿಸಿ ಬೇರೆಯವನಿಗೆ ಎಸೆದ. ಪ್ಲೇ ಮುಗಿಯಿತು.

ಅಂಕಿಅಂಶದಲ್ಲಿ ಆ ಹುಡುಗನ ಹೆಸರಿಗೆ ಅಲ್ಲಿ ಏನೂ ದಾಖಲಾಗಲಿಲ್ಲ. ಚೆಂಡೇ ಬರಲಿಲ್ಲವಲ್ಲ, ಕೈಬಿಟ್ಟ ಡ್ರಾಪ್ ಇಲ್ಲ, ಅವನತ್ತ ಎಸೆದ ಟಾರ್ಗೆಟ್ ಇಲ್ಲ, ಏನೂ ಇಲ್ಲ. ರಿಸೀವರ್ ಸೋತ ಪ್ಲೇ ಪುಸ್ತಕಕ್ಕೆ ಬರುವುದೇ ಇಲ್ಲ. ಕಾಲೇಜಿನ ಅಂಕಿ ನೋಡಿ ಮೋಸ ಹೋಗುವುದು ಇಲ್ಲೇ ಅಂತ ನನಗೆ ಅರ್ಥವಾದದ್ದು ಆ ಒಂದು ಕ್ಲಿಪ್‌ನಿಂದ. ಅದನ್ನು ಹತ್ತು ಸಲ ನೋಡಿದ್ದೇನೆ. ಆ ಹುಡುಗನನ್ನು ನಾನು ಆರಿಸಲಿಲ್ಲ, ಆರಿಸಿದವರು ಎರಡು ವರ್ಷ ಕಾದು ಬಿಟ್ಟರು.

ಗೈಡ್‌ನ ಅಂಕಿಗಳಲ್ಲಿ ಈ ತೂತು ಸ್ವಲ್ಪವಾದರೂ ಮುಚ್ಚುವುದು ಒಂದೇ, ಓಡಿದ ಪ್ರತಿ ರೂಟ್‌ಗೆ (ಒಂದು ಪ್ಲೇನಲ್ಲಿ ರಿಸೀವರ್ ಓಡುವ ದಾರಿ) ಎಷ್ಟು ಯಾರ್ಡ್ ಅನ್ನುವ ಲೆಕ್ಕ. ಚೆಂಡು ಬಾರದ ರೂಟೂ ಅದರಲ್ಲಿ ಸೇರುತ್ತದೆ. ಒಂದೇ ಒಂದು ಅಂಕಿ ನೋಡುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಈ ಟಿಪ್ಪಣಿ ಬರೆಯುವವರಿಗೆ ಆಟ ಗೊತ್ತಿದೆ, ಯಾಕೆಂದರೆ ಕಾಲೇಜಿಗೂ ಎನ್‌ಎಫ್‌ಎಲ್‌ಗೂ ಇರುವ ಸಣ್ಣ ವ್ಯತ್ಯಾಸಗಳನ್ನೂ ಲೆಕ್ಕಕ್ಕೆ ತಗೊಳ್ಳುತ್ತಾರೆ. ಕಾಲೇಜಿನಲ್ಲಿ ಕ್ಯಾಚ್‌ಗೆ ಒಂದು ಕಾಲು ಅಂಗಳದ ಒಳಗೆ ಊರಿದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಕಾಲು ಬೇಕು. ಹಾಗಾಗಿ ಸೈಡ್‌ಲೈನ್ ಕ್ಯಾಚ್‌ಗಳನ್ನು ಬೇರೆ ಎಣಿಸಿ, ಇದರಲ್ಲಿ ಎಷ್ಟು ಎನ್‌ಎಫ್‌ಎಲ್‌ನಲ್ಲೂ ನಿಲ್ಲುತ್ತಿತ್ತು ಅಂತ ಬರೆಯುತ್ತಾರೆ. ಅಂಗಳದ ಮಧ್ಯದ ಹ್ಯಾಶ್ ಗೆರೆಗಳ ನಡುವೆ ಕಾಲೇಜಿನಲ್ಲಿ 40 ಅಡಿ ಅಂತರ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಕಾಲೇಜಿನಲ್ಲಿ ಚೆಂಡು ಒಂದು ಹ್ಯಾಶ್‌ನಲ್ಲಿದ್ದರೆ ಇನ್ನೊಂದು ಬದಿ ಬಯಲಿನ ಹಾಗೆ ಖಾಲಿ. ಅಲ್ಲಿ ಓಪನ್ ಆದದ್ದನ್ನು ದೊಡ್ಡ ಸಾಧನೆ ಅಂತ ಇವರು ಎಣಿಸುವುದಿಲ್ಲ. ಇನ್ನು ಎನ್‌ಎಫ್‌ಎಲ್‌ನಲ್ಲಿ ಪ್ಲೇ ಶುರುವಾಗುವ ಗೆರೆಯಿಂದ 5 ಯಾರ್ಡ್‌ವರೆಗೆ ಕಾರ್ನರ್ ಕೈ ಹಾಕಬಹುದು. ಆ 5 ಯಾರ್ಡ್ ದಾಟುವುದು ಹೇಗೆ ಅಂತ ಗೊತ್ತಿಲ್ಲದವನಿಗೆ ಮುಂದಿನ 50 ಯಾರ್ಡ್ ವೇಗ ಇದ್ದೂ ಉಪಯೋಗ ಇಲ್ಲ. ಹೀಗೆ ಹತ್ತಿರ ನಿಂತು ಕೈ ಹಾಕಿ ತಡೆಯುವುದಕ್ಕೆ ಪ್ರೆಸ್ ಅನ್ನುತ್ತಾರೆ. ಪ್ರೆಸ್ ಎದುರು ಎಷ್ಟು ಸಲ ಗೆದ್ದ, ಯಾವ ರೂಟ್‌ನಲ್ಲಿ ಗೆದ್ದ ಅಂತ ಒಂದು ಪಟ್ಟಿ ಇರುತ್ತದೆ. ನಾನು ಗೈಡ್ ತೆರೆದರೆ ಮೊದಲು ಹೋಗುವುದು ಅಲ್ಲಿಗೆ.

ಆದರೆ ಇಲ್ಲಿಯೇ ಒಂದು ದೂರು. ಕೆಲವು ಕ್ಲಿಪ್‌ಗಳು ಟಿವಿ ಕ್ಯಾಮೆರಾದವು. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಸ್ನ್ಯಾಪ್ ಆದ ಒಂದು ಸೆಕೆಂಡಿಗೆ ರಿಸೀವರ್ ಚೌಕಟ್ಟಿನಿಂದ ಹೊರಗೆ. ನಮಗೆ ಬೇಕಾದದ್ದೇ ಆ ಸೆಕೆಂಡು! ಮೇಲಿನಿಂದ 22 ಜನರನ್ನೂ ತೋರಿಸುವ ಆಲ್-22 ಫಿಲ್ಮ್ ಕಾಲೇಜಿನದ್ದು ಹೊರಗಿನವರಿಗೆ ಸುಲಭವಾಗಿ ಸಿಗುವುದಿಲ್ಲ, ನನಗೆ ಗೊತ್ತು. ಹಾಗಿದ್ದರೆ ಆ ಕ್ಲಿಪ್ ಹಾಕದೇ ಇರಲಿ. ಬರೆದ ಟಿಪ್ಪಣಿಯೇ ಸಾಕು.

2021ರ ಆಗಸ್ಟ್ ತಿಂಗಳದ್ದು ಒಂದು ಹೇಳಬೇಕು. ಚೇಸ್‌ನನ್ನು ಬೆಂಗಾಲ್ಸ್ 5ನೇ ಪಿಕ್‌ನಲ್ಲಿ ಆರಿಸಿದ್ದರು. ಆಗ ದೊಡ್ಡ ವಾದವೇ ನಡೆದಿತ್ತು, ಬರೋನನ್ನು ಕಾಪಾಡಲು ಲೈನ್‌ಮನ್ ಪೆನೈ ಸ್ಯೂಲ್ ಬೇಕಾ, ಬರೋನ ಹಳೆಯ ಜೊತೆಗಾರ ಚೇಸ್ ಬೇಕಾ ಅಂತ. ನಮ್ಮ ಲೀಗಿನಲ್ಲಿ ಚೇಸ್ ನನ್ನ ಕೈಗೆ ಬಂದಿದ್ದ. ಅವನು 2020ರ ಕಾಲೇಜು ಸೀಸನ್ ಪೂರ್ತಿ ಆಡಿರಲಿಲ್ಲ. ಸೀಸನ್‌ಗೆ ಮುಂಚಿನ ಪ್ರೀಸೀಸನ್ ಮ್ಯಾಚುಗಳಲ್ಲಿ ಒಂದರ ಹಿಂದೆ ಒಂದು ಚೆಂಡು ಕೈಬಿಟ್ಟ. ಕಾಲೇಜಿನ ಚೆಂಡಿನ ಮೇಲೆ ಬಿಳಿ ಪಟ್ಟೆ ಇರುತ್ತದೆ, ಇಲ್ಲಿಯದಕ್ಕೆ ಇಲ್ಲ, ಕಣ್ಣಿಗೆ ಸಿಗುವುದು ಕಷ್ಟ ಅಂತ ಅವನು ಹೇಳಿದ್ದಕ್ಕೆ ಜನ ನಕ್ಕರು. ಗೈಡ್‌ನ ಆ್ಯಪ್‌ನಿಂದ ನೋಟಿಫಿಕೇಷನ್ ಬಂತು, ಚೇಸ್ ಸ್ಕೋರ್ ಇಳಿಸಿದ್ದೇವೆ ಅಂತ. ಅದೇ ರಾತ್ರಿ ಲೀಗಿನ ಗೆಳೆಯನ ಫೋನ್.

"ಗುರು, ಚೇಸ್‌ನ ಕೊಟ್ಟುಬಿಡ್ತೀಯಾ? ಮುಂದಿನ ವರ್ಷದ ಮೊದಲ ರೌಂಡ್ ಪಿಕ್ ಕೊಡ್ತೀನಿ."

"ಒಂದ್ ದಿನ ಟೈಮ್ ಕೊಡೋ, ನೋಡಿ ಹೇಳ್ತೀನಿ."

ಆ ರಾತ್ರಿ ಚೇಸ್‌ನ ಹಳೆಯ ಟಿಪ್ಪಣಿ ಮತ್ತೆ ಓದಿದೆ. ಪ್ರೆಸ್ ಎದುರು ಗೆದ್ದದ್ದು, ಮೈಮೇಲೆ ಇಬ್ಬರಿದ್ದರೂ ಚೆಂಡು ಕಿತ್ತುಕೊಂಡದ್ದು, ಎಲ್ಲ ಅಲ್ಲೇ ಇತ್ತು. ಅದು ಯಾವುದೂ ಬದಲಾಗಿರಲಿಲ್ಲ. ಚೆಂಡು ಬಿಡುತ್ತಿದ್ದಾನೆ ಅಂದರೆ ಚೆಂಡು ಅವನ ಕಡೆಗೆ ಬರುತ್ತಿದೆ ಅಂತಲೂ ಅರ್ಥ, ಅಂದರೆ ಓಪನ್ ಆಗುತ್ತಿದ್ದಾನೆ. ಬೆಳಿಗ್ಗೆ ಫೋನ್ ಮಾಡಿ ಕೊಡಲ್ಲ ಅಂದೆ. ಆ ಸೀಸನ್ ಚೇಸ್ 81 ಕ್ಯಾಚ್, 1,455 ಯಾರ್ಡ್, 13 ಟಚ್‌ಡೌನ್, ವರ್ಷದ ಅತ್ಯುತ್ತಮ ಅಫೆನ್ಸಿವ್ ರೂಕಿ, ಅಂದರೆ ದಾಳಿ ಮಾಡುವ ಕಡೆಯ ಹೊಸಬ. ಒಂದೇ ಗೈಡ್‌ನ ಒಂದು ಕೈ ನನ್ನನ್ನು ಹೆದರಿಸಿತು, ಇನ್ನೊಂದು ಕೈ ಉಳಿಸಿತು. ಆ್ಯಪ್‌ನ ನೋಟಿಫಿಕೇಷನ್ ಅವತ್ತೇ ಆಫ್ ಮಾಡಿದೆ.

ಡ್ರಾಫ್ಟ್ ನಂತರದ ಅಪ್‌ಡೇಟ್ ಬಗ್ಗೆ. ವಿಷಯ ಚೆನ್ನಾಗಿರುತ್ತದೆ, ಆದರೆ ತಡ. ಒಂದು ವರ್ಷ ಡ್ರಾಫ್ಟ್ ಮುಗಿದು ನಾಲ್ಕು ದಿನಕ್ಕೆ ಬಂತು, ಅಷ್ಟರಲ್ಲಿ ನಮ್ಮ ಲೀಗಿನ ಆಯ್ಕೆ ಮುಗಿದೇ ಹೋಗಿತ್ತು. ರಿಸೀವರ್ ವಿಷಯದಲ್ಲಿ ಹೋಗುವ ಮನೆ ಅರ್ಧ ಲೆಕ್ಕ. ಪೂಕಾ ನಕುವಾ 2023ರಲ್ಲಿ ಐದನೇ ರೌಂಡ್, 177ನೇ ಪಿಕ್. ಗೈಡ್‌ನಲ್ಲಿ ಅವನಿಗೆ ಅರ್ಧ ಪುಟ. ಗಾಯಗಳು ಜಾಸ್ತಿ, ಕಾಲೇಜು ಬದಲಿಸಿದ್ದಾನೆ, ಸ್ಕೋರ್ ಕೆಳಗೆ. ಆದರೆ ಆ ಅರ್ಧ ಪುಟದಲ್ಲೂ ಒಂದು ಸಾಲು ಇತ್ತು, ಒಬ್ಬೊಬ್ಬರು ಒಂದೊಂದು ಜಾಗ ಕಾಯುವ ಜೋನ್ ಡಿಫೆನ್ಸ್ ನಡುವಿನ ಖಾಲಿ ಜಾಗ ಹುಡುಕಿ ನಿಲ್ಲುತ್ತಾನೆ, ಹಿಡಿದ ಮೇಲೆ ಸುಲಭಕ್ಕೆ ಬೀಳುವುದಿಲ್ಲ ಅಂತ. ಅವನು ಹೋದದ್ದು ರ‍್ಯಾಮ್ಸ್‌ಗೆ. ಚೆಂಡು ಎಸೆಯಲು ಮ್ಯಾಥ್ಯೂ ಸ್ಟಾಫರ್ಡ್, ಕೋಚ್ ಶಾನ್ ಮೆಕ್‌ವೇ. ಸೀಸನ್ ಶುರುವಿಗೆ ಕಪ್‌ಗೆ ಗಾಯ, ಮೊದಲ ನಾಲ್ಕು ಮ್ಯಾಚ್ ಇಲ್ಲ. ನಕುವಾ ಮೊದಲ ಎರಡು ಮ್ಯಾಚಿನಲ್ಲೇ 25 ಕ್ಯಾಚ್ ಹಿಡಿದ. ಸೀಸನ್ ಮುಗಿದಾಗ 105 ಕ್ಯಾಚ್, 1,486 ಯಾರ್ಡ್. ಹೊಸಬನ ಯಾರ್ಡ್ ದಾಖಲೆ 1960ರಲ್ಲಿ ಬಿಲ್ ಗ್ರೋಮನ್ ಮಾಡಿದ 1,473, ಅದು 63 ವರ್ಷದ ನಂತರ ಮುರಿಯಿತು. ಇದನ್ನು ಯಾವ ಗೈಡೂ ಹೇಳಲು ಸಾಧ್ಯವಿರಲಿಲ್ಲ, ಅದಕ್ಕೆ ನಾನು ಇವರನ್ನು ದೂರುವುದಿಲ್ಲ. ಆದರೆ ಆ ಒಂದು ಸಾಲು ಮತ್ತು ಆ ತಂಡ, ಎರಡನ್ನೂ ಜೋಡಿಸಿ ಡ್ರಾಫ್ಟ್ ಮುಗಿದ ರಾತ್ರಿಯೇ ಹೇಳಿದ್ದರೆ ಕೊನೆಯ ಸುತ್ತಿನಲ್ಲಿ ಒಂದು ಕೈ ನೋಡುತ್ತಿದ್ದೆ.

ಹೋಲಿಕೆಯ ಪುಟ ಓದಬೇಡಿ. ಎತ್ತರ, ತೂಕ ಹೊಂದಿದರೆ ಸಾಕು, ಇವನು ಮುಂದಿನ ಅವನು ಅಂತ ಬರೆದುಬಿಡುತ್ತಾರೆ. ತಲೆಯಲ್ಲಿ ಕೂತುಬಿಟ್ಟರೆ ಆಮೇಲೆ ಹೋಗುವುದಿಲ್ಲ.

ಒಂದು ಕೆಟ್ಟ ಅಭ್ಯಾಸ ಬಿಡಲೇಬೇಕು ಅವರು. ಮೊದಲ ಸೀಸನ್ ಮುಗಿದ ಕೂಡಲೇ ಕೆಲವರ ಹೆಸರಿನ ಮುಂದೆ ಕೆಂಪು ಬಣ್ಣದಲ್ಲಿ ಬಸ್ಟ್, ಅಂದರೆ ಕೈಕೊಟ್ಟ ಆಟಗಾರ ಅಂತ ಹಾಕುತ್ತಾರೆ. ದವಾಂಟೆ ಆ್ಯಡಮ್ಸ್ 2014ರಲ್ಲಿ 53ನೇ ಪಿಕ್ ಆಗಿ ಪ್ಯಾಕರ್ಸ್‌ಗೆ ಹೋದವನು. ಮೊದಲ ವರ್ಷ 446 ಯಾರ್ಡ್, ಎರಡನೇ ವರ್ಷ 483 ಯಾರ್ಡ್ ಮತ್ತು ಒಂದೇ ಟಚ್‌ಡೌನ್. ಎರಡು ವರ್ಷ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್‌ನ ಪಕ್ಕದಲ್ಲಿದ್ದೂ ಇಷ್ಟೇ ಅಂದರೆ ಇನ್ನೇನು ಅಂತ ಕೈಬಿಟ್ಟವರು ಎಷ್ಟು ಜನ. ಮೂರನೇ ವರ್ಷ 997 ಯಾರ್ಡ್, 12 ಟಚ್‌ಡೌನ್. 2020ಕ್ಕೆ 18 ಟಚ್‌ಡೌನ್. ಗೆರೆಯ ಮೇಲೆ ಕಾರ್ನರ್‌ನನ್ನು ಬೀಳಿಸುವ ವಿದ್ಯೆಯಲ್ಲಿ ಅವನಿಗಿಂತ ಮೇಲಿನವರನ್ನು ನಾನು ನೋಡಿಲ್ಲ. ಸ್ಮಿತ್-ಎಂಜಿಗ್ಬಾ ಕೂಡ ಮೊದಲ ವರ್ಷ 628 ಯಾರ್ಡ್ ಅಷ್ಟೇ, ಮಣಿಕಟ್ಟು ಮುರಿದಿತ್ತು, ಮುಂದೆ ಮೆಟ್‌ಕಾಫ್ ಮತ್ತು ಟೈಲರ್ ಲಾಕೆಟ್ ಇದ್ದರು. ಎರಡನೇ ವರ್ಷ 100 ಕ್ಯಾಚ್, 1,130 ಯಾರ್ಡ್. ಓಹೈಯೋ ಸ್ಟೇಟ್‌ನಲ್ಲಿ ಗ್ಯಾರೆಟ್ ವಿಲ್ಸನ್ ಮತ್ತು ಕ್ರಿಸ್ ಓಲಾವೆ ಇಬ್ಬರೂ ಇದ್ದ ತಂಡದಲ್ಲಿ 1,606 ಯಾರ್ಡ್ ಮಾಡಿದ್ದ ಹುಡುಗ ಅವನು. ಅಂಥವನ ಹೆಸರಿನ ಮುಂದೆ 11 ತಿಂಗಳಿಗೆ ಕೆಂಪು ಗುರುತು ಹಾಕುವುದು ಅನ್ಯಾಯ ಅಲ್ವಾ? 21, 22 ವರ್ಷದ ಮಕ್ಕಳು ಇವರು. ಹೊಸ ಊರು, ದಪ್ಪ ಪ್ಲೇಬುಕ್, ಜೀವನದಲ್ಲಿ ಮೊದಲ ಸಲ ತನಗಿಂತ ಗಟ್ಟಿಮುಟ್ಟಾದವರು ಎದುರಿಗೆ.

ಉಳಿದ ಸಣ್ಣಪುಟ್ಟ ವಿಷಯ. ಆ್ಯಪ್ ಫೋನಿನಲ್ಲಿ ಕಷ್ಟ, ಟೇಬಲ್ ಅಗಲ ಜಾಸ್ತಿ, ಪಕ್ಕಕ್ಕೆ ಎಳೆದರೆ ಹೆಸರಿನ ಕಾಲಂ ಮಾಯವಾಗಿ ಯಾರ ಅಂಕಿ ಅಂತ ಗೊತ್ತಾಗುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಪಿಡಿಎಫ್ ಇಳಿಸಿಕೊಂಡು ಓದಿ. ಎರಡನೇ ವರ್ಷ ನನ್ನ ಕಾರ್ಡಿನಿಂದ ಎರಡು ಸಲ ದುಡ್ಡು ಹೋಯಿತು. ಮೇಲ್ ಹಾಕಿದೆ, ಉತ್ತರ ಬರಲು ಹತ್ತು ದಿನ ಆಯಿತು, ಆದರೆ ಪೂರ್ತಿ ದುಡ್ಡು ವಾಪಸ್ ಬಂತು.

ಗಾಯದ ಬಗ್ಗೆ ಗೈಡ್ ಹೆಚ್ಚೇನೂ ಬರೆಯುವುದಿಲ್ಲ. ಕೆವಿನ್ ವೈಟ್ 2015ರಲ್ಲಿ 7ನೇ ಪಿಕ್, ಮೊದಲ ಸೀಸನ್ ಪೂರ್ತಿ ಗಾಯದಿಂದ ಹೊರಗೆ. ಅದನ್ನು ಯಾರು ಮೊದಲೇ ಹೇಳಬಲ್ಲರು. ಸುಮ್ಮನಿರುವುದೇ ಮೇಲು, ಆ ವಿಷಯದಲ್ಲಿ ಅವರು ಸರಿ.

ನಾಲ್ಕು ವರ್ಷಕ್ಕೆ ನನ್ನ ಲೆಕ್ಕ: ಫಿಲ್ಮ್ ಟಿಪ್ಪಣಿಗೆ ಐದಕ್ಕೆ ಐದು, ಅಂಕಿಅಂಶಕ್ಕೆ ಮೂರು, ಸ್ಕೋರ್‌ಗೆ ಒಂದು, ಆ್ಯಪ್‌ಗೆ ಎರಡು. ತಗೊಳ್ಳುವವರು ಕಂಬೈನ್ ಮುಗಿದ ಮೇಲೆ, ಮಾರ್ಚ್‌ನಲ್ಲಿ ತಗೊಳ್ಳಿ. ಅದಕ್ಕೆ ಮುಂಚಿನ ಆವೃತ್ತಿಯಲ್ಲಿ ಅರ್ಧ ಪುಟಗಳು ಖಾಲಿ ಇರುತ್ತವೆ. ತಗೊಂಡ ದಿನವೇ ಆಟೋ ರಿನ್ಯೂಅಲ್ ಆಫ್ ಮಾಡಿ. ಪಿಡಿಎಫ್ ತೆರೆದ ಮೇಲೆ ಪ್ರತಿ ಆಟಗಾರನ ಮೂರನೇ ಪುಟದಿಂದ ಓದಲು ಶುರು ಮಾಡಿ, ಪ್ರೆಸ್ ಪಟ್ಟಿ ಅಲ್ಲಿದೆ.